ಅಡಿವೆಮ್ಮನ ಕೊನೆಯ ಹಲ್ಲು

ಕಲ್ಲಿಗೂ ಒಂದು ಕಾಲದಲ್ಲಿ ಹಸಿವಾಗುತ್ತಿತ್ತು ಎಂದರೆ ಹಿಂದಿನವರು ನಗುತ್ತಿದ್ದರು. ರೇಖಾದರ್ಶಿ ಎಂಬ ಯಂತ್ರ ಬಂದ ಮೇಲೆ ಆ ನಗು ನಿಂತಿತು. ಕಲ್ಲಾಗಿ ಹೋದ ಹಲ್ಲೊಂದನ್ನು ಅದರ ಮುಂದಿಟ್ಟರೆ, ಆ ಪ್ರಾಣಿ ಯಾವ ನೀರು ಕುಡಿಯಿತು, ಯಾವ ಮೇವು ತಿಂದಿತು, ಯಾವ ವರ್ಷ ಉಪವಾಸ ಬಿದ್ದಿತು ಎಂದು ಅದು ಓದಿ ಹೇಳುತ್ತಿತ್ತು. ಮೇಲಿರುವವನು ಯಾವುದನ್ನೂ ಮರೆಯುವುದಿಲ್ಲ ಎಂದು ಹಿರಿಯರು ಹೇಳುವ ಮಾತು ಹೀಗೂ ನಿಜವಾದೀತೆಂದು ಯಾರೂ ಎಣಿಸಿರಲಿಲ್ಲ.

ಕೃಷ್ಣಾ ಭೀಮಾ ನದಿಗಳ ನಡುವಿನ ಸೀಮೆಯಲ್ಲಿ ಜೌಗಿನಾಳ ಎಂಬ ಊರು. ಮೇಲೆ ಸುಣ್ಣಗಲ್ಲಿನ ದಿನ್ನೆ, ಕೆಳಗೆ ಕರಿಯ ಹೊಲ, ನಡುವೆ ಎಂಥ ಬೇಸಿಗೆಯಲ್ಲೂ ಬತ್ತದ ಒಂದು ಸೆಲೆ. ಸೆಲೆಯ ಪಕ್ಕದ ಗೂಡಿನಲ್ಲಿ ಅಡಿವೆಮ್ಮ ಕೂತಿದ್ದಾಳೆ. ಕಣ್ಣಿಲ್ಲ, ಮೂಗಿಲ್ಲ, ಕೈಯಿಲ್ಲ. ಸುಣ್ಣದ ಗಾರೆಯಲ್ಲಿ ಅರ್ಧ ಹುಗಿದ ಒಂದು ಕರಿಯ ಕಲ್ಲು. ಅದರ ಮೇಲೆ, ಸವೆದ ಬೀಸುಕಲ್ಲಿನ ಮೇಲಿರುವಂತೆ, ಅಡ್ಡಡ್ಡ ಮಸುಕು ಗೆರೆ. ಲೋಕದ ಮೊದಲ ಹಿಟ್ಟು ಬೀಸಿದವಳು ಅಡಿವೆಮ್ಮ, ಮಕ್ಕಳ ಹೊಟ್ಟೆಗೆಂದು ಬೀಸಿ ಬೀಸಿ ತಾನೇ ಸವೆದು ಇಷ್ಟಾಗಿ ಉಳಿದಳು ಎಂದು ಊರಿನ ಕಥೆ.

ಡಾಕ್ಟರ್ ನೀಲಗಂಗಾ ಈ ಕಥೆಯನ್ನು ತೊಡೆಯ ಮೇಲೆ ಕೂತು ಕೇಳಿದವಳು. ಜೌಗಿನಾಳ ಅವಳ ತಾಯಿ ಸಿದ್ದಮ್ಮನ ತವರು. ಈಗ ಅವಳು ಕಲಬುರಗಿಯ ಜೀವಾವಶೇಷ ಕೇಂದ್ರದಲ್ಲಿ ಹಿರಿಯ ವಿಜ್ಞಾನಿ. ಮದುವೆಯಾಗಲಿಲ್ಲ, ತಾಯಿಯನ್ನು ಜೊತೆಯಲ್ಲಿಟ್ಟುಕೊಂಡಿದ್ದಾಳೆ. ಸೆಲೆಯ ಮೇಲಿನ ದಿನ್ನೆಯಲ್ಲಿ ಅವಳ ತಂಡ ಪ್ರಾಚೀನ ಆನೆಗಳ ಎಲುಬು ಹಲ್ಲುಗಳನ್ನು ಅಗೆದು ತೆಗೆಯುತ್ತಿತ್ತು. ಒಂದು ಮಧ್ಯಾಹ್ನ ನೀರಿಗೆಂದು ಇಳಿದವಳು ಗೂಡಿನೊಳಗೆ ಬಗ್ಗಿ ಕೈಮುಗಿದಳು. ಎಷ್ಟೋ ಸಲ ಮುಗಿದ ಕೈ. ಆದರೆ ಬೆಳಗಿನಿಂದ ಆನೆಯ ಹಲ್ಲುಗಳನ್ನೇ ನೋಡಿದ ಕಣ್ಣು ಆ ದಿನ ಬೇರೆ ಇತ್ತು. ಅಡಿವೆಮ್ಮನೂ ಒಂದು ದವಡೆಹಲ್ಲೇ.

ಆನೆಗೆ ಬಾಳಿನಲ್ಲಿ ಆರು ಸಲ ದವಡೆಹಲ್ಲು ಬರುತ್ತದೆ. ಮುಂದಿನದು ಸವೆದಂತೆ ಹಿಂದಿನಿಂದ ಇನ್ನೊಂದು ಸರಿದು ಬರುತ್ತದೆ. ಆರನೆಯದೂ ಸವೆದರೆ ಮುಗಿಯಿತು. ಮೇವು ಅಗಿಯಲಾರದ ಆನೆ ಹಸಿದು ಸಾಯುತ್ತದೆ. ಗೂಡಿನಲ್ಲಿದ್ದದ್ದು ಆರನೆಯ ಹಲ್ಲು, ಅದೂ ಬೇರು ಕಾಣುವ ತನಕ ಸವೆದದ್ದು. ಅಷ್ಟು ಸವೆದ ಹಲ್ಲನ್ನು ನೀಲಗಂಗಾ ಎಲ್ಲಿಯೂ ಕಂಡಿರಲಿಲ್ಲ. ಅಷ್ಟು ಸವೆಯುವ ತನಕ ಯಾವ ಆನೆಯೂ ಬದುಕುವುದಿಲ್ಲ.

ಗೂಡು ನೋಡಿಕೊಳ್ಳುವವಳು ಅಯ್ಯಮ್ಮ, ಸಿದ್ದಮ್ಮನ ಅಣ್ಣನ ಹೆಂಡತಿ. ನೀಲಗಂಗಾ ಹೋಗಿ ಅವಳ ಕಟ್ಟೆಯ ಮೇಲೆ ಕೂತಳು.

"ಅತ್ತಿ, ಅಡಿವೆಮ್ಮನ್ನ ಸ್ವಲ್ಪ ದಿನ ಕಲಬುರಗಿಗಿ ಕರಕೊಂಡು ಹೋಗಲ?"

"ಯಾಕ, ದವಾಖಾನಿಗೇನು?"

"ಹಂಗೇ ತಿಳ್ಕೋ. ಒಂದು ಮಿಷನ್ನಿನಾಗ ಇಟ್ಟು ನೋಡ್ತೀವಿ."

"ಕೊಯ್ತೀರೇನು?"

"ಇಲ್ಲ."

"ಅರೀತೀರೇನು?"

"ಒಂದು ಕಣ ಸೈತ ಉದುರಂಗಿಲ್ಲ."

ಅಯ್ಯಮ್ಮ ಓಣಿಯ ಕಡೆಗೊಮ್ಮೆ ನೋಡಿದಳು. ಏನೋ ಬಾಯಿಯ ತನಕ ಬಂದದ್ದನ್ನು ಎಲೆಅಡಿಕೆಯ ಜೊತೆ ದವಡೆಗೆ ಸರಿಸಿದಂತೆ ಕಂಡಿತು. "ನಿನ್ನ ಮಾತು ನನಗ ಸಾಲಂಗಿಲ್ಲ ಸೊಸಿ. ಓದಿದಾಕಿ ನೀ. ನಿಮ್ಮವ್ವಗ ಫೋನ್ ಹಚ್ಚು."

ಫೋನಿನಲ್ಲಿ ಸಿದ್ದಮ್ಮನ ಬೊಚ್ಚುಬಾಯಿಯ ಮಾತು ನಿಧಾನವಾಗಿ ಬಂತು. "ವೈನಿ, ಎಳ್ಳಮಾಸಿಗಿ ಮೊದಲೇ ಬರ್ತಾಳ. ನಾನೇ ತಂದು ಮುಟ್ಟಸ್ತೀನಿ. ನನ್ನ ಮಾತದ."

"ನೀ ಅಂದಮ್ಯಾಲ ಮುಗೀತು" ಎಂದಳು ಅಯ್ಯಮ್ಮ.

ಕಲ್ಲನ್ನು ಗೂಡಿನಿಂದ ಬಿಡಿಸಿದಾಗ ಅದರ ಕೆಳಮಗ್ಗುಲಿಗೆ ತಲೆತಲಾಂತರದ ಸುಣ್ಣದ ಗಾರೆ ರೊಟ್ಟಿಯಂತೆ ದಪ್ಪಗೆ ಅಂಟಿಕೊಂಡೇ ಬಂತು. ತಂಡದವನೊಬ್ಬ ಉಗುರಿನಿಂದ ಕೆರೆಯಲು ಹೋದ. ಅಯ್ಯಮ್ಮ ಅವನ ಕೈ ಹಿಡಿದಳು. "ಅದು ಆಕಿ ಸೀರಿ. ಅದಕ್ಕ ಕೈ ಹಚ್ಚಬ್ಯಾಡ್ರಿ."

ನೀಲಗಂಗಾ ಮಾತು ಕೊಟ್ಟಳು. ಸೀರೆಗೆ ಯಾರೂ ಕೈ ಹಚ್ಚಲಿಲ್ಲ.

ಹಲ್ಲು ಮರದಂತೆ ಪದರ ಪದರವಾಗಿ ಬೆಳೆಯುತ್ತದೆ. ಮೇಲಿನ ಭಾಗ ಸವೆಯುತ್ತಿದ್ದರೂ ಬೇರಿನ ಸುತ್ತ ತೆಳುವಾದ ಹೊದಿಕೆಯೊಂದು ವರ್ಷ ವರ್ಷವೂ ಕೂಡುತ್ತಲೇ ಇರುತ್ತದೆ. ಎಲ್ಲಕ್ಕಿಂತ ಹೊರಗಿನ ಪದರವೇ ಬಾಳಿನ ಕೊನೆಯ ವರ್ಷ. ಕರಿನೆಲದ ಮೇಲೆ ಹರಿದು ಬರುವ ನದಿನೀರು ಪದರದಲ್ಲಿ ಒಂದು ಗುರುತು ಬಿಡುತ್ತದೆ, ಸುಣ್ಣಗಲ್ಲಿನಿಂದ ಒಸರುವ ಸೆಲೆನೀರು ಇನ್ನೊಂದು. ಮೊಲೆ ಕುಡಿಯುವ ಮರಿಯ ಹಲ್ಲಿನಲ್ಲಿ ಹಾಲಿನದೇ ಗುರುತು. ಹಿಂದೆ ಇದನ್ನು ಓದಬೇಕೆಂದರೆ ಹಲ್ಲನ್ನು ಕತ್ತರಿಸಬೇಕಿತ್ತು. ರೇಖಾದರ್ಶಿ ಕೂದಲಿಗಿಂತ ಸಣ್ಣ ಬೆಳಕಿನ ಎಳೆಯೊಂದನ್ನು ಒಳಗೆ ಬಿಟ್ಟು, ಏನನ್ನೂ ಕೆಡಿಸದೆ ಓದುತ್ತದೆ.

ಯಂತ್ರ ನಡೆಸುವವನು ಇಮ್ತಿಯಾಜ್, ಆಳಂದದ ಕಡೆಯವನು. ಕೆಲಸ ಶುರುಮಾಡುವ ಮುಂಚೆ ಬಿಸ್ಮಿಲ್ಲಾ ಎನ್ನುವವನು. ಆ ದಿನ ಕಲ್ಲಿನ ಎದುರು ಒಂದು ಗಳಿಗೆ ಸುಮ್ಮನೆ ನಿಂತೂ ಇದ್ದ. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಗೆರೆಗಳು ಮೂಡಿದವು.

"ಮೇಡಂ, ಇಕಾಡಿ ಬರ್ರಿ. ಹಲ್ಲು ಪೂರಾ ಸವೆದ ಮ್ಯಾಲೂ ಈಕಿ ಬದುಕ್ಯಾಳ. ಒಂದು ವರ್ಷ ಎರಡು ವರ್ಷಲ್ಲ, ನೋಡ್ರಿ, ಪದರ ಮ್ಯಾಲ ಪದರ."

"ಏನು ತಿಂದು?"

ಇಮ್ತಿಯಾಜ್ ಬೆರಳಿಟ್ಟು ತೋರಿಸಿದ. ಹೊರಗಿನ ಪದರಗಳಲ್ಲೆಲ್ಲ ಒಂದೇ ಗುರುತು ತುಂಬಿ ತುಳುಕುತ್ತಿತ್ತು. ಹಾಲು.

ನೀಲಗಂಗಾ ಕುರ್ಚಿ ಎಳೆದುಕೊಂಡು ಕೂತಳು. ಹಲ್ಲು ಹೋದ ಮುದಿ ಆನೆ. ಅದಕ್ಕೆ ಯಾವುದೋ ಬಾಣಂತಿ ಆನೆ ಎದೆ ಕೊಟ್ಟಿದೆ. ಮಗಳಿರಬೇಕು, ಇಲ್ಲವೆ ಮೊಮ್ಮಗಳು.

"ಈಕಿ ಸೀರಿ ಮಗ್ಗುಲು ಓದಿಲ್ರಿ," ಎಂದ ಇಮ್ತಿಯಾಜ್. "ಗಾರಿ ದಪ್ಪ ಅದ, ಬೆಳಕು ಒಳಗ ಹೋಗವಲ್ದು."

"ಇರಲಿ ಬಿಡು. ಮಾತು ಕೊಟ್ಟೀವಿ. ಒಂದು ಮಗ್ಗಲು ಸಾಕು."

ಮನೆಗೆ ಬಂದು ಅವಳು ಜೋಳದ ರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆಯಿಟ್ಟಳು. ಸಿದ್ದಮ್ಮನಿಗೆ ಹಲ್ಲು ಹೋಗಿ ಎಷ್ಟೋ ಕಾಲವಾಗಿತ್ತು. ಕಟ್ಟಿಸಿದ ಹಲ್ಲನ್ನು ದೇವರ ಜಗಲಿಯ ಡಬ್ಬಿಯಲ್ಲಿಟ್ಟು, ಮಂದಿಯ ಹಲ್ಲಿನಿಂದ ಉಂಡರೆ ರುಚಿ ಮಂದಿಗೇ ಹೋಗುತ್ತದೆ ಎನ್ನುತ್ತಿದ್ದಳು. ನೀಲಗಂಗಾ ಚಮಚ ಚಮಚವಾಗಿ ಉಣಿಸುತ್ತ ಆನೆಯ ಕಥೆ ಹೇಳಿದಳು.

"ಹಾಲು ಕುಡಿದು ಬದುಕ್ಯಾಳವ್ವ ಆಕಿ. ನಿನ್ನ ಹಂಗ."

ಸಿದ್ದಮ್ಮನ ಬಾಯಿ ಅರ್ಧಕ್ಕೆ ನಿಂತಿತು. "ಆನಿ ಹಾಲೇನು?"

"ಮತ್ಯಾರದಿರ್ತಾದ?"

"ಹಂಗಂತ ಮಿಷನ್ ಹೇಳ್ತು?"

"ಹಾಲಂತ ಹೇಳ್ತು."

ಸಿದ್ದಮ್ಮ ಮಗಳ ಮುಖವನ್ನೇ ನೋಡಿದಳು. ಆ ಮುಖದಲ್ಲಿ ಬಹಳ ದಿನದಿಂದ ಕಾಣದ ಒಂದು ಬೆಳಕಿತ್ತು. "ನನಗೇನು ತಿಳೀತಾದವ್ವ" ಎಂದು ಬಾಯಿ ತೆರೆದಳು. ಮುಂದಿನ ಚಮಚ ಒಳಗೆ ಹೋಯಿತು.

ಸುದ್ದಿ ಹೊರಬಿದ್ದಾಗ ಅದು ವಿಜ್ಞಾನದ ಸುದ್ದಿಯಾಗಿ ಉಳಿಯಲಿಲ್ಲ. ತಾಯಿಗೆ ಹಾಲೂಡಿದ ಮಗಳು ಎಂದು ಮಂದಿ ಮಂದಿಗೆ ಹೇಳಿದರು. ಶಾಲೆಯ ಮಕ್ಕಳು ಚಿತ್ರ ಬರೆದು ಕಳಿಸಿದರು. ಚಿತ್ರದಲ್ಲಿ ಮುದಿ ಆನೆಗೆ ಕನ್ನಡಕವಿತ್ತು. ಮಠದ ಪುರಾಣದಲ್ಲಿ ಶಾಸ್ತ್ರಿಗಳು ಅದನ್ನು ಎತ್ತಿ ಹೇಳಿದಾಗ ಹೆಂಗಸರು ಕಣ್ಣೊರೆಸಿಕೊಂಡರಂತೆ. ದೂರದೇಶಗಳಿಂದ ವಿಜ್ಞಾನಿಗಳು ನೋಡಲು ಬರುತ್ತೇವೆಂದರು.

ಕೇಂದ್ರದ ನಿರ್ದೇಶಕರು ಪದ್ಮರಾಜ ಉಪಾಧ್ಯೆ, ಬೆಳಗಾವಿ ಕಡೆಯ ಸಂಭಾವಿತರು. ಒಂದು ದಿನ ನೀಲಗಂಗಾಳನ್ನು ಕೂಡಿಸಿ ಚಹ ತರಿಸಿದರು.

"ನೀಲಾ, ಕಲ್ಲು ಇಲ್ಲೇ ಇರಲಿ. ಗಾಜಿನ ಮನಿ ಕಟ್ಟಸೋಣ. ಜಗತ್ತಿನಾಗ ಇಂಥಾದ್ದು ಇದೊಂದ ಐತಿ. ಮತ್ತ ಗೂಡಿನ್ಯಾಗ ಕುಂಡ್ರಿಸಿದರ ಎಣ್ಣಿ ಹೊಯ್ದು, ಕುಂಕುಮ ಬಡದು ಕೆಡಸ್ತಾರ."

"ಎಳ್ಳಮಾಸಿಗೆ ಕೊಡ್ತೀನಂತ ನಮ್ಮವ್ವ ಮಾತು ಕೊಟ್ಟಾಳ್ರಿ ಸರ್."

"ಅವರಿಗೆ ಅದರಂಗ ಇನ್ನೊಂದು ಮಾಡಿಸಿ ಕೊಡೋಣ. ಗೊತ್ತಽ ಆಗಂಗಿಲ್ಲ."

"ಗೊತ್ತಾಗಂಗಿಲ್ಲ ಅಂತ ದೇವರನ್ನ ಬದಲಿ ಮಾಡಾಕ ಬರ್ತಾದೇನ್ರಿ?"

ಉಪಾಧ್ಯೆ ನಕ್ಕರು, ಆದರೆ ಮಾತು ಬಿಡಲಿಲ್ಲ. "ಹೋಗಿ ಕೇಳಿ ನೋಡು. ಊರವರು ಒಲ್ಲೆ ಅಂದರ ಆಮ್ಯಾಲ ನೋಡೋಣು."

ಅವರ ಮಾತಿನಲ್ಲಿ ಅನ್ಯಾಯವಿರಲಿಲ್ಲ. ನೀಲಗಂಗಾಳ ಮನಸ್ಸಿನ ಒಂದು ಮೂಲೆಯೂ ಅದೇ ಮಾತು ಹೇಳುತ್ತಿತ್ತು. ಆ ಕಲ್ಲಿನೊಳಗಿನ ಮಗಳನ್ನು ಜಗತ್ತು ನೋಡಬೇಕು. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಅವಳು ಜೌಗಿನಾಳಕ್ಕೆ ಹೋದಳು.

ಅಯ್ಯಮ್ಮನ ಮನೆಯಲ್ಲಿ ರಾತ್ರಿ ಮಲಗಿ, ಕೇಳಬೇಕಾದದ್ದನ್ನು ಬೆಳಿಗ್ಗೆ ಕೇಳಿದರಾಯಿತೆಂದು ನಸುಕಿನಲ್ಲಿ ಸೆಲೆಯ ಕಡೆ ನಡೆದಳು. ಜೋಳದ ಹೊಲದ ಮೇಲೆ ಮಂಜು ಕೂತಿತ್ತು. ಗೂಡಿನ ಮುಂದೆ ಯಾರೋ ಇದ್ದರು. ತಲೆಗೆ ಬಟ್ಟೆ ಕಟ್ಟಿಕೊಂಡು, ಕಂಬಳಿ ಹೊದ್ದ ಎಳೆಯ ಬಾಣಂತಿ, ತೋಳಿನಲ್ಲಿ ಕೂಸು. ಪಕ್ಕದ ಮನೆಯ ದೇವಕ್ಕೆಮ್ಮ, ಹೆರಿಗೆಗೆ ತವರಿಗೆ ಬಂದವಳು. ಬರಿದಾದ ಗೂಡಿನೊಳಗೆ ಬಗ್ಗಿ, ಸೆರಗಿನ ಮರೆಯಲ್ಲಿ ಏನೋ ಮಾಡಿ, ಮತ್ತೆ ನೆಟ್ಟಗೆ ನಿಂತಳು. ಮುಖ ಸಪ್ಪಗಿತ್ತು.

"ಏನವ್ವ, ಇಷ್ಟು ಥಂಡ್ಯಾಗ ಕೂಸಿನ್ನ ಕಟಗೊಂಡು?"

ದೇವಕ್ಕೆಮ್ಮ ಬೆಚ್ಚಲಿಲ್ಲ. ದಣಿದ ದನಿಯಲ್ಲೇ ಹೇಳಿದಳು. "ಏನ್ ಮಾಡ್ಲೆಕ್ಕ. ಗೂಡಿಗಿ ಮುಟ್ಟಿಸಿದ್ರ ನಡೀತಾದೇನು ನೋಡಾಮಂತ ಬಂದೆ. ಮನಸ್ಸು ಒಪ್ಪವಲ್ದು. ಹಾಲು ಮಣ್ಣಿಗಿ ಹೋಯ್ತು. ಗಂಡನ ಮನ್ಯಾಗ ಕರೀಲಾಕತ್ಯಾರ. ಅಡಿವೆಮ್ಮಗ ಹಾಲು ಮುಟ್ಟಿಸದ ನಾ ಹೊಲದ ದಾರಿ ಸೈತ ತುಳಿಯಂಗಿಲ್ಲ, ಊರ ಹ್ಯಾಂಗ ದಾಟ್ಲಿ?"

"ಯಾವ ಹಾಲು?"

ದೇವಕ್ಕೆಮ್ಮ ಈಗ ಅವಳನ್ನು ಸರಿಯಾಗಿ ನೋಡಿದಳು. ನೋಡಿ, ತಾನು ಯಾರ ಮುಂದೆ ಏನು ಹೇಳಿದೆನೆಂದು ತಿಳಿದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೂಸು ಅಳತೊಡಗಿತು. ಅವಳು ತಲೆ ತಗ್ಗಿಸಿ ಮನೆಯತ್ತ ನಡೆದಳು.

ಹೇಳಿದವಳು ಅಯ್ಯಮ್ಮ. ಒಲೆಯ ಮುಂದೆ ಕೂತು, ರೊಟ್ಟಿ ಬಡಿಯುತ್ತ, ಮುಖ ಎತ್ತದೆ ಹೇಳಿದಳು.

"ಹಡಿಲಾರದಾಕಿ ಮುಂದ ಇದನ್ನ ಅನಬಾರದು. ಗಂಡಸರ ಮುಂದಂತೂ ಇಲ್ಲೇ ಇಲ್ಲ. ಹಡೆದಾಕಿ ಹೊಸ್ತಿಲ ದಾಟೋ ದಿನ ನಸುಕಿನ್ಯಾಗ ಬಂದು ಅಡಿವೆಮ್ಮಗ ಎದಿಹಾಲು ಮುಟ್ಟಸ್ತಾಳ. ನಾಕು ಹನಿ. ಬೀಸಿ ಬೀಸಿ ಸವೆದಾಕಿ ಆಕಿ, ಬ್ಯಾರೆ ಏನ್ ಉಣ್ತಾಳ ಹೇಳು? ನಾನೂ ಮುಟ್ಟಿಸೀನಿ. ನಮ್ಮತ್ತಿ, ಆಕಿ ಅತ್ತಿ, ಎಲ್ಲಾರೂ. ನಿನ್ನ ಹಡೆದಾಗ ನಿಮ್ಮವ್ವನೂ."

ಹಂಚಿನ ಮೇಲಿನ ರೊಟ್ಟಿ ಉಬ್ಬಿ ಇಳಿಯಿತು. ಗಾಜಿನ ಮನೆಯ ಮಾತನ್ನು ನೀಲಗಂಗಾ ಎತ್ತಲೇ ಇಲ್ಲ. ಹೊರಗಿನ ಪದರ, ಬಾಳಿನ ಕೊನೆಯ ವರ್ಷ. ಹೊರಗಿನ ಪದರ, ಹಾಲು ಬಿದ್ದ ಕಡೆ. ಎಷ್ಟು ತಲೆಮಾರಿನ ನಸುಕುಗಳಲ್ಲಿ ಎಷ್ಟು ಹೆಂಗಸರ ಹಾಲು ಆ ಹಲ್ಲಿನೊಳಗೆ ಇಳಿದಿದೆಯೋ. ರೇಖಾದರ್ಶಿಗೆ ಹಾಲು ಗೊತ್ತು. ಯಾರ ಹಾಲೆಂದು ಗೊತ್ತಿಲ್ಲ.

"ರೊಟ್ಟಿ ತಿನ್ನು," ಎಂದಳು ಅಯ್ಯಮ್ಮ. "ಮಾರಿ ಯಾಕ ಹಂಗ ಮಾಡ್ಕೊಂಡಿ?"

"ಏನಿಲ್ಲ ಅತ್ತಿ. ಹಸಿವಾಗ್ಯಾದ."

ಕಲಬುರಗಿಗೆ ಬಂದವಳು ಚಪ್ಪಲಿ ಬಿಟ್ಟು ನೇರ ತಾಯಿಯ ಮಂಚದ ಮೇಲೆ ಕೂತಳು. ಸಿದ್ದಮ್ಮ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು.

"ಹಾಲಿನ ಸುದ್ದಿ ನನಗ ಯಾಕ ಹೇಳ್ಲಿಲ್ಲವ್ವ?"

"ಹಡಿಲಾರದ ಮಗಳಿಗಿ ಅನಬಾರದವ್ವ. ನಮ್ಮವ್ವ ಬಾಯಿಗಿ ಕೈ ಇಟ್ಟು ಹೇಳ್ಯಾಳ."

"ಊರಿಗೆ ಊರೇ ಕೇಳೂ ಹಂಗ ತಪ್ಪು ಹೇಳಿ ಕುಂತೀನಿ ನಾ."

ಸಿದ್ದಮ್ಮ ವಿಭೂತಿಯ ಬೆರಳನ್ನು ಮಗಳ ಹಣೆಗೂ ಎಳೆದಳು. "ಏನ್ ತಪ್ಪು? ಮುದುಕಿಗಿ ಹೆಣ್ಮಕ್ಕಳು ಹಾಲು ಕುಡಿಸ್ಯಾರಂತ ಮಿಷನ್ ಹೇಳ್ತು. ಕುಡಿಸೀವಲ್ಲ. ಆನಿ ಅಂತ ನೀ ಅಂದಿ. ಅದೊಂದು ತೆಗೀ, ಉಳಿದದ್ದು ಖರೇನೇ ಅದ." ವಿಭೂತಿಯ ಗಟ್ಟಿಯನ್ನು ಕೆಳಗಿಟ್ಟಳು. "ಎಳ್ಳಮಾಸಿ ಬಂತು ನೋಡು. ನನ್ನ ಮಾತು ಒಂದು ಅದ."

ಮಾತು ಉಳಿಸಿಕೊಳ್ಳಲು ಈಗ ಒಂದೇ ದಾರಿ. ಹಾಲು ಹೆಂಗಸರದೆಂದು ತೋರಿಸಬೇಕು, ಆಗ ಕಲ್ಲನ್ನು ಹಿಡಿದಿಟ್ಟುಕೊಳ್ಳಲು ಕೇಂದ್ರಕ್ಕೆ ಕಾರಣ ಉಳಿಯುವುದಿಲ್ಲ. ಗಾರೆಯೊಳಗೆ ಹುಗಿದ ಮಗ್ಗುಲಿಗೆ ಯಾವ ಕೈಯೂ ತಾಕಿಲ್ಲ. ಆ ಮಗ್ಗುಲಲ್ಲಿಯೂ ಹಾಲಿದ್ದರೆ ಅದು ಆನೆಯದು; ಇಲ್ಲದಿದ್ದರೆ ಜೌಗಿನಾಳದ್ದು. ಆದರೆ ಅದನ್ನು ಓದಬೇಕೆಂದರೆ ಅಡಿವೆಮ್ಮನ ಸೀರೆ ಬಿಡಿಸಬೇಕು.

ನೀಲಗಂಗಾ ಅಯ್ಯಮ್ಮನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಅಯ್ಯಮ್ಮ, "ಆಕಿ ಸೀರಿ ಗಂಡಸರು ಬಿಡಸಂಗಿಲ್ಲ. ನಾ ಬರ್ತೀನಿ" ಎಂದಳು.

ಮರುದಿನ ಬಸ್ಸಿಳಿದು ಬಂದಳು. ಜೊತೆಗೆ ಇನ್ನಿಬ್ಬರು ಮುತ್ತೈದೆಯರು, ಒಂದು ಹಸಿರು ಕುಪ್ಪಸದ ಖಣ, ಒಂದು ಡಬ್ಬಿ ಅರಿಶಿನ. ಪ್ರಯೋಗಶಾಲೆಯೊಳಗೆ ಕಾಲಿಟ್ಟು ಯಂತ್ರವನ್ನು ಮೇಲಿಂದ ಕೆಳಗೆ ನೋಡಿದಳು, ಆಮೇಲೆ ಇಮ್ತಿಯಾಜನನ್ನು.

"ಈ ಹುಡುಗ ಯಾರು?"

"ಮಿಷನ್ ಇವನೇ ನಡಸ್ತಾನ ಅತ್ತಿ."

"ನಡಸಲಿ. ಈಗ ಹೊರಗ ನಡೀ ಅನು."

"ಅಮ್ಮಾ, ನನ್ನ ಮಿಷನ್ನಿಗಿ ನೀರು ಗೀರು ಸಿಡಿಸಬ್ಯಾಡ್ರಿ," ಎಂದ ಇಮ್ತಿಯಾಜ್ ಬಾಗಿಲಲ್ಲಿ ನಿಂತು.

"ನಿನ್ನ ಮಿಷನ್ನಿನ ಮಾನ ನಾವು ಕಾಯ್ತೀವಿ. ನಮ್ಮವ್ವನ ಮಾನ ನೀ ಕಾಯಿ. ಹೋಗಿ ಚಾ ಕುಡಿಯಪ್ಪ."

ಮೇಜಿನ ಸುತ್ತ ಸೀರೆ ಅಡ್ಡ ಹಿಡಿದರು. ಒದ್ದೆ ಬಟ್ಟೆ ಹಾಕಿ ಹಾಕಿ, ಕೂಸಿನ ತಲೆಯ ಹಕ್ಕಳೆ ಬಿಡಿಸುವಂತೆ, ಮೂವರೂ ಸೋಬಾನೆ ಹಾಡುತ್ತ ಗಾರೆಯನ್ನು ಸಡಿಲಿಸಿದರು. ಒಂದು ಕಡೆ ಕಲ್ಲು ಬರಿದಾದಂತೆ ಇನ್ನೊಂದು ಕಡೆ ಖಣ ಹೊದಿಸಿದರು. ಅಡಿವೆಮ್ಮ ಒಂದು ಗಳಿಗೆಯೂ ಬತ್ತಲೆಯಿರಲಿಲ್ಲ. ಬಿಚ್ಚಿದ ಗಾರೆಯ ಚೂರುಗಳನ್ನು ಅಯ್ಯಮ್ಮ ಉಡಿಯಲ್ಲಿ ಕಟ್ಟಿಕೊಂಡಳು. ಖಣದ ಮಡಿಕೆಯಲ್ಲಿ ಬೆಳಕಿನ ಎಳೆ ಹೋಗುವಷ್ಟು ಸಂದಿ ಬಿಟ್ಟು, "ಈಗ ಕರೀ ಅವನ್ನ" ಎಂದಳು.

ಇಮ್ತಿಯಾಜ್ ಬಂದು ಕೂತ. ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಏರಿದವು. ನದಿ, ಸೆಲೆ, ನದಿ, ಸೆಲೆ. ಒಂದು ಬರಗಾಲದ ದಪ್ಪ ಗೆರೆ. ಆಮೇಲೆ ಸವೆದ ಹಲ್ಲಿನ ವರ್ಷಗಳು, ಪದರ ಮೇಲೆ ಪದರ. ಸೆಲೆ, ಸೆಲೆ, ಸೆಲೆ. ಜೌಗಿನ ಮೆತ್ತನೆಯ ಹುಲ್ಲು. ಹಾಲಿನ ಗುರುತು ಎಲ್ಲಿಯೂ ಇರಲಿಲ್ಲ.

ಇಮ್ತಿಯಾಜ್ ತಿರುಗಿ ನೋಡಿದ. ನೀಲಗಂಗಾ ಕಣ್ಣು ಮುಚ್ಚಿದ್ದಳು.

"ಏನಂತಾಳ?" ಎಂದು ಕೇಳಿದಳು ಅಯ್ಯಮ್ಮ.

"ಹಾಲು ನಿಮ್ಮದಂತ ಅತ್ತಿ."

"ಅದನ್ನ ಕೇಳಾಕ ಇಷ್ಟು ದೂರ ಬರಬೇಕಿತ್ತೇನು?" ಎಂದು ಅಯ್ಯಮ್ಮ ಉಡಿಯ ಗಂಟು ಸರಿಮಾಡಿಕೊಂಡಳು. ಆದರೆ ಸೊಸೆಯ ಮುಖ ನೋಡಿ, ಅವಳ ಬೆನ್ನ ಮೇಲೊಮ್ಮೆ ಕೈಯಾಡಿಸಿದಳು.

ಉಪಾಧ್ಯೆಯವರು ಎರಡು ಪಟಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕನ್ನಡಕ ತೆಗೆದರು, ಹಾಕಿಕೊಂಡರು.

"ಯಾರಿಗೂ ಗೊತ್ತಾಗತಿರಲಿಲ್ಲ, ನೀಲಾ."

"ಹೌದ್ರಿ."

"ಗಾಜಿನ ಮನಿಗೆ ಬುನಾದಿ ಹಾಕೋ ದಿನಾನೂ ಗೊತ್ತು ಮಾಡಿದ್ದೆ."

"ಹೌದ್ರಿ ಸರ್."

ಅವರು ಕಿಟಕಿಯ ಹೊರಗೆ ನೋಡಿದರು. "ನಮ್ಮ ಮನ್ಯಾಗ ವರ್ಷಕ್ಕೊಮ್ಮೆ ಕ್ಷಮಾವಣಿ ಮಾಡತೀವಿ. ಸಣ್ಣವರು ದೊಡ್ಡವರು ಅನ್ನಂಗಿಲ್ಲ, ಎಲ್ಲಾರ ಮುಂದೂ ಕೈಮುಗಿದು ತಪ್ಪಾತು ಅಂತೀವಿ. ಈ ವರ್ಷ ಸ್ವಲ್ಪ ದೊಡ್ಡ ಮಂದಿ ಮುಂದ ಅನಬೇಕು, ಅಷ್ಟ." ತಪ್ಪಾಗಿದೆ ಎಂಬ ಪ್ರಕಟಣೆಗೆ ನೀಲಗಂಗಾಳ ಹೆಸರಿನ ಕೆಳಗೆ ತಮ್ಮ ಹೆಸರನ್ನೂ ಬರೆದರು. "ಕಲ್ಲು ಒಯ್ದು ಕೊಡು. ಆದರ ಒಂದು ಮಾತು. ಹಾಲು ಕುಡಿಲಿಲ್ಲ ಅಂದರ, ಹಲ್ಲಿಲ್ಲದ ಆ ಮುದುಕಿ ಅಷ್ಟು ವರ್ಷ ಹ್ಯಾಂಗ ಬದುಕಿತು?"

ಆ ಪ್ರಶ್ನೆ ಅವಳೊಳಗೂ ಇತ್ತು. ಸೆಲೆಯ ಜೌಗಿನ ಹುಲ್ಲನ್ನು ಬರಿ ವಸಡಿನಿಂದಲೂ ಹಿಸುಕಿ ನುಂಗಬಹುದು, ಅಲ್ಲಿಗೆ ಹೊಟ್ಟೆಯ ಮಾತಾಯಿತು. ಆದರೆ ಆ ಕಾಲದಲ್ಲಿ ಆ ಬಯಲಿನಲ್ಲಿ ಹುಲಿಯಂಥ, ಕಿರುಬನಂಥ ದೊಡ್ಡ ಮೃಗಗಳಿದ್ದವು. ನೀರ ದಂಡೆಯಲ್ಲಿ ಒಂಟಿಯಾಗಿ ನಿಂತ ಮುದಿ ಆನೆಯನ್ನು ಅವು ಬಿಡುತ್ತಿರಲಿಲ್ಲ. ಬೇಸಿಗೆ ಬಂದರೆ ಹಿಂಡು ಕೃಷ್ಣೆಯ ಕಡೆ ಹೊರಟುಬಿಡುತ್ತಿತ್ತು. ಹಲ್ಲಿನ ಗೆರೆಗಳೇ ಹಾಗೆ ಹೇಳುತ್ತಿದ್ದವು, ನದಿ, ಸೆಲೆ, ನದಿ, ಸೆಲೆ.

"ಇಮ್ತಿಯಾಜ್, ದಿನ್ನಿ ಮ್ಯಾಲ ಸಿಕ್ಕ ಉಳಿದ ಹಲ್ಲು ತೆಗೀ. ಎಲ್ಲಾವು."

ಅವು ಪ್ರಾಯದ ಆನೆಗಳ ಹಲ್ಲು, ಮರಿಗಳ ಹಲ್ಲು. ಒಂದೊಂದನ್ನೂ ಯಂತ್ರದ ಮುಂದಿಟ್ಟರು. ಆ ಬರಗಾಲದ ದಪ್ಪ ಗೆರೆ ಹಲವು ಹಲ್ಲುಗಳಲ್ಲಿ ಹಾಗೇ ಇತ್ತು. ಒಂದೇ ಬರವನ್ನು ಉಂಡ ಒಂದೇ ಹಿಂಡು. ಇಮ್ತಿಯಾಜ್ ಆ ಗೆರೆಯನ್ನು ಗೆರೆಗೆ ಹೊಂದಿಸಿ ಎಲ್ಲ ಪಟಗಳನ್ನೂ ಸಾಲಾಗಿ ನಿಲ್ಲಿಸಿದ. ಬರದ ಮುಂಚೆ ಎಲ್ಲರದೂ ಒಂದೇ ನಡೆ. ನದಿ, ಸೆಲೆ, ನದಿ, ಸೆಲೆ. ಬರದ ನಂತರ, ಮುದುಕಿಯ ಹಲ್ಲು ಸವೆದುಹೋದ ವರ್ಷಗಳು ಬಂದವು.

ಇಮ್ತಿಯಾಜನ ಬೆರಳು ಪರದೆಯ ಮೇಲೆ ನಿಧಾನವಾಗಿ ಸರಿಯಿತು. ಮೊದಲ ಆನೆ: ಸೆಲೆ, ಸೆಲೆ, ಸೆಲೆ. ಎರಡನೆಯದು: ಸೆಲೆ, ಸೆಲೆ. ಮರಿಗಳದೂ ಅದೇ. ಮೇವು ಸಾಲದೆ ಅವುಗಳ ಪದರ ತೆಳ್ಳಗಾಗಿದ್ದವು. ನದಿಯ ದಂಡೆಗೆ ಹೋಗಿದ್ದರೆ ಹೊಟ್ಟೆ ತುಂಬುತ್ತಿತ್ತು, ಹೋಗಿರಲಿಲ್ಲ. ಆಮೇಲೆ ಒಂದು ವರ್ಷ ಎಲ್ಲ ಹಲ್ಲುಗಳಲ್ಲೂ ಒಟ್ಟಿಗೇ ನದಿಯ ಗುರುತು ಮರಳಿ ಬಂದಿತ್ತು. ಅಡಿವೆಮ್ಮನ ಹಲ್ಲಿನಲ್ಲಿ ಮಾತ್ರ ಆ ವರ್ಷದ ಪದರವಿರಲಿಲ್ಲ.

"ಈಕಿ ಸಂಗಡ ನಿಂತಾವ್ರಿ," ಎಂದ ಇಮ್ತಿಯಾಜ್ ಮೆಲ್ಲಗೆ. "ಈಕಿ ಹೋದಮ್ಯಾಲೇ ಎದ್ದು ಹೋಗ್ಯಾವ."

ಈ ಸಲ ನೀಲಗಂಗಾ ಯಾರಿಗೂ ಹೇಳುವ ಅವಸರ ಮಾಡಲಿಲ್ಲ. ಇನ್ನೊಮ್ಮೆ ಓದು, ಮತ್ತೊಮ್ಮೆ ಓದು ಎಂದಳು. ಹಾಗೆ ಓದಿಸುತ್ತಿರುವಾಗಲೇ ಎಳ್ಳಮಾವಾಸ್ಯೆ ಬಂತು.

ಹಿಂದಿನ ದಿನವೇ ಸಿದ್ದಮ್ಮ ಜೀಪಿನಲ್ಲಿ ಅಡಿವೆಮ್ಮನನ್ನು ತೊಡೆಯ ಮೇಲಿಟ್ಟುಕೊಂಡು ತವರಿಗೆ ಬಂದಳು. ಅಯ್ಯಮ್ಮ ಉಡಿಯಲ್ಲಿ ಕಾಯ್ದಿಟ್ಟ ಹಳೆಯ ಗಾರೆಯನ್ನು ಕುಟ್ಟಿ, ಹೊಸ ಸುಣ್ಣ ಬೆರೆಸಿ, ಕಲ್ಲನ್ನು ಮೊದಲಿದ್ದಂತೆ ಕೂಡಿಸಿದಳು. ಮರುದಿನ ನಸುಕಿನಲ್ಲಿ ದೇವಕ್ಕೆಮ್ಮ ಬಂದಳು. ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ನೀಲಗಂಗಾಳನ್ನು ಅಯ್ಯಮ್ಮ ಕೈಹಿಡಿದು ಒಳಗೆಳೆದುಕೊಂಡಳು. "ಗೊತ್ತಾದಮ್ಯಾಲ ಇನ್ನೇನು ಮುಚ್ಚೂದು, ಬಾ. ಕೂಸಿನ್ನ ಹಿಡ್ಕೋ." ನೀಲಗಂಗಾ ಕೂಸನ್ನು ಎತ್ತಿಕೊಂಡಳು. ಅದರ ತಲೆಯಿಂದ ಎಣ್ಣೆಯ, ಲೋಬಾನದ ವಾಸನೆ ಬರುತ್ತಿತ್ತು. ನಾಲ್ಕು ಹನಿ ಹಾಲು ಕರಿಯ ಕಲ್ಲಿನ ಗೆರೆಗಳಲ್ಲಿ ಹರಿದು, ಒಂದು ಗಳಿಗೆ ಬೆಳ್ಳಗೆ ನಿಂತು, ಒಳಗಿಳಿಯಿತು.

ಬಿಸಿಲೇರಿದಂತೆ ಊರಿನ ಹೆಂಗಸರು ಹೊಲಕ್ಕೆ ಚರಗ ಚೆಲ್ಲಲು, ಭೂಮಿತಾಯಿಗೆ ಎಡೆ ಎರಚಿ ಉಂಡು ಬರಲು, ಹೊರಟರು. ತಲೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಸಜ್ಜೆಯ ಕಡುಬು, ಬಜ್ಜಿ, ಎಳ್ಳುಹೋಳಿಗೆ. ದೇವಕ್ಕೆಮ್ಮ ಮುಂದಿನ ಸಾಲಿನಲ್ಲಿ ಕೂಸನ್ನು ಹೊತ್ತು ನಡೆದಿದ್ದಳು. ಸಿದ್ದಮ್ಮ ಜೀಪು ಹತ್ತಲು ಒಪ್ಪಲಿಲ್ಲ. ಚರಗಕ್ಕೆ ಗಾಡಿಯ ಮೇಲೆ ಹೋದರೆ ಭೂಮಿತಾಯಿ ಮಾರಿ ತಿರುವುತ್ತಾಳೆ ಎಂದು, ಮಗಳ ತೋಳು ಹಿಡಿದು, ಹೆಜ್ಜೆಗೊಮ್ಮೆ ಉಸಿರು ಬಿಡುತ್ತ ಬಂದಳು. ಹಳ್ಳದ ದಂಡೆ ಏರುವಲ್ಲಿ ಇಬ್ಬರೂ ಬಹಳ ಹಿಂದೆ ಬಿದ್ದರು.

"ನೀ ಮುಂದ ನಡಿಯವ್ವ. ನಾ ಸಾವಕಾಶ ಬರ್ತೀನಿ. ಬುಟ್ಟಿ ಹೊತ್ತವರಿಗಿ ತಡ ಆಗ್ತಾದ."

ನೀಲಗಂಗಾ ತಲೆಯೆತ್ತಿ ನೋಡಿದಳು. ದಂಡೆಯ ಮೇಲೆ, ಜೋಳದ ಪೈರಿನ ಅಂಚಿನಲ್ಲಿ, ಹೆಂಗಸರ ಸಾಲು ನಿಂತುಬಿಟ್ಟಿತ್ತು. ಯಾರೂ ಕೂಗಿ ಕರೆಯುತ್ತಿರಲಿಲ್ಲ, ಈ ಕಡೆ ನೋಡುತ್ತಲೂ ಇರಲಿಲ್ಲ. ಒಬ್ಬಳು ಸೆರಗಿಗೆ ಹತ್ತಿದ ಮುಳ್ಳು ತೆಗೆಯುತ್ತಿದ್ದಳು. ಇನ್ನೊಬ್ಬಳು ಸಿಂಬೆ ಸರಿಮಾಡಿಕೊಳ್ಳುತ್ತಿದ್ದಳು. ದೇವಕ್ಕೆಮ್ಮ ಕೂಸಿಗೆ ಕಡಲೆಗಿಡ ತೋರಿಸುತ್ತಿದ್ದಳು. ಮಕ್ಕಳು ಹಸಿವೆಂದು ಬುಟ್ಟಿಗೆ ಕೈ ಚಾಚಿದರೆ ಅಯ್ಯಮ್ಮ ಮೆಲ್ಲಗೆ ಕೈಮೇಲೆ ಹೊಡೆಯುತ್ತಿದ್ದಳು.

ಸಿದ್ದಮ್ಮ ದಂಡೆ ಏರಿ ಬಂದು ಸಾಲಿನೊಳಗೆ ಸೇರಿದಳು. ಸ್ವಲ್ಪ ಹೊತ್ತು ನಿಂತು ದಣಿವಾರಿಸಿಕೊಂಡಳು. ಆಮೇಲೆ ಯಾರೂ ಏನೂ ಅನ್ನದೆ, ಎಲ್ಲರೂ ಒಟ್ಟಿಗೇ ಹೊಲಕ್ಕೆ ಇಳಿದರು.